ಕಲಿತವರಿಗೆ ಶಾಲು ಸರಿ, ಕಲಿಯುವವರಿಗೆ ಒಂದು ಕೋಣೆ?

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಮುಂಬಯಿಯ ಕನ್ನಡ ಸಂಘಗಳ ಕೋಣೆಗಳಿಗೆ ವಾರದ ದಿನಗಳಲ್ಲಿ ಬೀಗ ಬಿದ್ದಿರುತ್ತದೆ, ಯುವಕರು ಆ ಕಡೆ ತಲೆ ಹಾಕುವುದಿಲ್ಲ, ಎಲ್ಲರೂ ಗಿಟಾರ್ ಹೆಗಲಿಗೆ ಹಾಕಿಕೊಂಡು ಎಲ್ಲೆಲ್ಲೋ ಹೋಗುತ್ತಾರೆ ಎಂದು. ಬೀಗದ ಮಾತು ಒಪ್ಪುತ್ತೇನೆ. ಗಿಟಾರಿನ ಮಾತಿಗೆ ಮಾತ್ರ ಉತ್ತರ ಕೊಡೋಣ ಅನ್ನಿಸಿತು. ನಾನು ಯುವಕ ಅಲ್ಲ, 55 ಆಯಿತು. ಫೋರ್ಟ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ಗಿಟಾರ್ ಕಲಿಯುತ್ತಿದ್ದೇನೆ. ಆ ಬೀಗ ಹಾಕಿದ ಕೋಣೆಗಳಲ್ಲಿ ಒಂದು ನನಗೆ ಬೇಕಾಗಿದೆ.

ಗಿಟಾರ್ ಅಂದರೆ ಸಿನಿಮಾದಲ್ಲಿ ಹೀರೊ ಕುತ್ತಿಗೆಗೆ ತೂಗುಹಾಕಿಕೊಂಡು ಕುಣಿಯುವುದಲ್ಲ. ನನ್ನದು ನೈಲಾನ್ ತಂತಿಯದು, ಕರೆಂಟು ಬೇಡ, ಕೂತು ನುಡಿಸುವುದು. ಎಡಗಾಲ ಕೆಳಗೆ ಒಂದು ಸಣ್ಣ ಚೌಕಿ ಇಟ್ಟು, ತೊಡೆಯ ಮೇಲೆ ವಾದ್ಯ ಇಟ್ಟುಕೊಂಡು, ಬಲಗೈಯ ಹೆಬ್ಬೆರಳು ಮತ್ತು ಮೂರು ಬೆರಳಲ್ಲಿ ಮೀಟುವುದು. ಕಿರುಬೆರಳಿಗೆ ಬಲಗೈಯಲ್ಲಿ ಕೆಲಸವಿಲ್ಲ. ಎಡಗೈಯಲ್ಲಿ ಪಾಪ ಅದಕ್ಕೇ ಜಾಸ್ತಿ ಕೆಲಸ.

ಇದು ನನ್ನ ಕೈಗೆ ಬಂದ ಕತೆ ಹೇಳುತ್ತೇನೆ. ನಾನು ಕುಂದಾಪುರದ ಕಡೆಯವನು. 1984ರಲ್ಲಿ, 14ನೇ ವಯಸ್ಸಿಗೆ, ಊರಿನವರೊಬ್ಬರ ಜೊತೆ ಬಸ್ಸು ಹತ್ತಿ ಬಂದೆ. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ. ನಮ್ಮ ಹೋಟೆಲಿಗೆ ದಿನಾ ನಾಲ್ಕು ಗಂಟೆಗೆ ಗೋವಾದ ಒಬ್ಬ ಹಿರಿಯರು ಬರುತ್ತಿದ್ದರು. ಧೋಬಿ ತಲಾವ್ ಹಿಂದಿನ ಗಲ್ಲಿಯಲ್ಲಿ ವಾಸ. ಒಂದು ಕಾಪಿ, ಅರ್ಧ ಗಂಟೆ ಪೇಪರು. 2012ರಲ್ಲೋ ಏನೋ, ಒಬ್ಬ ಗಿರಾಕಿ ಗಲ್ಲಾದ ಮೇಲೆ ಮರೆತುಹೋದ ನೋಕಿಯಾ ಫೋನ್ ಬಡಿದುಕೊಳ್ಳಲು ಶುರುವಾಯಿತು. ಆ ಟ್ಯೂನ್ ನಿಮಗೆಲ್ಲ ಗೊತ್ತು. ಒಂದು ಕಾಲದಲ್ಲಿ ಲೋಕಲ್‌ನಲ್ಲಿ ಅದು ಕೇಳಿದರೆ ಡಬ್ಬಿಯಲ್ಲಿದ್ದವರೆಲ್ಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹಿರಿಯರು ನಕ್ಕು, "ಇದು ಫೋನಿನವರು ಮಾಡಿದ್ದಲ್ಲ ಕಣೋ, ಗಿಟಾರಿಂದು" ಎಂದರು. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗಾ ಎಂಬವರು 1902ರಲ್ಲಿ ಬರೆದ ಒಂದು ವಾಲ್ಟ್ಸ್‌ನ, ಅಂದರೆ ಮೂರು ಎಣಿಕೆಯ ಕುಣಿತದ ಸಂಗೀತದ, ತುಣುಕಂತೆ. 110 ವರ್ಷ ಹಳೆಯ ಸಂಗೀತ ನನ್ನ ಗಲ್ಲಾದ ಮೇಲೆ, ಸೋಂಫಿನ ಬಟ್ಟಲ ಪಕ್ಕ ಗುಂಯ್‌ಗುಟ್ಟುತ್ತಿತ್ತು. ನಾನು ಸುಮ್ನೆ ಬಾಯಿಮಾತಿಗೆ, "ನನಗೂ ಕಲಿಸ್ತೀರಾ?" ಎಂದೆ. ಅವರು ಅದನ್ನು ನಿಜ ಅಂದುಕೊಂಡರು. ಮರುವರ್ಷ ಅವರದೇ ಒಂದು ಹಳೇ ಗಿಟಾರ್ ನನ್ನ ಕೈಯಲ್ಲಿತ್ತು. ಆಗ ನನಗೆ 43.

ಮೊದಲ ವರ್ಷಗಳನ್ನು ವಿವರಿಸಿ ನಿಮ್ಮ ಓದುಗರನ್ನು ಗೋಳು ಹೊಯ್ದುಕೊಳ್ಳುವುದಿಲ್ಲ. ಒಂದೇ ಒಂದು ಹೇಳುತ್ತೇನೆ. ಜೂಲಿಯಾನಿ ಎಂಬ ಇಟಲಿಯವರು ಬಲಗೈಗೆಂದೇ 120 ಪಾಠ ಮಾಡಿಟ್ಟಿದ್ದಾರೆ. ಎಡಗೈ ಹಿಡಿಯುವುದು ಎರಡೇ ಹಿಡಿತ. ಬಲಗೈ ಮಾತ್ರ 120 ರೀತಿ ಮೀಟಬೇಕು. ಮೇಷ್ಟ್ರು ಇದನ್ನು ಕೊಟ್ಟಾಗ ಅವರಿಗೆ ಆಶ್ಚರ್ಯ, ನಾನು ಗೊಣಗಲೇ ಇಲ್ಲ. ಅಕ್ಕಿ, ಉದ್ದು ಎರಡರಲ್ಲಿ ಇಡ್ಲಿ, ಸಾದಾ, ಸೆಟ್ಟು, ಪೇಪರು, ಉತ್ತಪ್ಪ ಎಲ್ಲ ಎಬ್ಬಿಸುವ ಜಾಗದಲ್ಲಿ ಬೆಳೆದವನು ನಾನು, ಇದರಲ್ಲಿ ಗೊಣಗುವುದೇನು?

ಕಷ್ಟ ಶುರುವಾದದ್ದು 2018ರಲ್ಲಿ, 'ಲಾಗ್ರಿಮಾ' ಕೊಟ್ಟಾಗ. ಬರೆದವರು ಅದೇ ತಾರೆಗಾ. ಲಾಗ್ರಿಮಾ ಅಂದರೆ ಕಣ್ಣೀರ ಹನಿ. ಒಂದೇ ಪುಟ, 16 ಬಾರ್. ಬಾರ್ ಅಂದರೆ ನೀವು ಅಂದುಕೊಂಡಿದ್ದಲ್ಲ, ತಾಳದ ಒಂದು ಆವರ್ತ ಇದ್ದ ಹಾಗೆ. ಇಲ್ಲಿ ಒಂದಕ್ಕೆ ಮೂರು ಎಣಿಕೆ. ಮೊದಲ ಎಂಟು ಒಂದು ಮನಸ್ಸು, ಮುಂದಿನ ಎಂಟು ಇನ್ನೊಂದು ಮನಸ್ಸು, ಮತ್ತೆ ತಿರುಗಿ ಮೊದಲಿನ ಎಂಟು. ನಿಧಾನಕ್ಕೆ ನುಡಿಸಿದರೂ ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತದೆ. ಹೊಸಬರಿಗೆ ಇದು ಸಿಗುವುದಿಲ್ಲ, ಪಳಗಿದವರು ಇದನ್ನು ಬೆಳಗಿನ ಕಾಪಿಯ ಹಾಗೆ ಕುಡಿದುಬಿಡುತ್ತಾರೆ. ನನ್ನಂಥ ನಡುವಿನವರಿಗೇ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವುದು.

ಮೊದಲ ಬಾರ್ ಒಂದನ್ನೇ ತೆಗೆದುಕೊಳ್ಳಿ. ಮೇಲಿನ ಸ್ವರಕ್ಕೆ ಎಲ್ಲಕ್ಕಿಂತ ತೆಳುವಾದ ಒಂದನೇ ತಂತಿ, ಕೆಳಗಿನ ಸ್ವರಕ್ಕೆ ನಾಲ್ಕನೇ ತಂತಿ, ಎರಡೂ ಜೊತೆಯಾಗಿ ಮೂರು ಮೆಟ್ಟಿಲಲ್ಲಿ ಮೇಲೇರುತ್ತವೆ. ನಡುವೆ ನಡುವೆ ಎರಡನೇ ತಂತಿ ಬೆರಳೇ ಮುಟ್ಟದೆ ತನ್ನಷ್ಟಕ್ಕೆ ನುಡಿಯುತ್ತದೆ. ಎಡಗೈ ಮೊದಲು ನಾಲ್ಕನೇ ತಂತಿಯ ಎರಡನೇ ಮನೆ, ಒಂದನೇ ತಂತಿಯ ನಾಲ್ಕನೇ ಮನೆ ಹಿಡಿಯಬೇಕು. ಮನೆ ಅಂದರೆ ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳ ನಡುವಿನ ಜಾಗ. ನಡುವೆ ಒಂದು ಮನೆ ಖಾಲಿ. ಮುಂದಿನದು ನಾಲ್ಕು ಮತ್ತು ಐದು, ಈಗ ಬೆರಳು ಅಕ್ಕಪಕ್ಕ. ಆಮೇಲೆ ಆರು ಮತ್ತು ಏಳು. ಎರಡನೆಯದರಿಂದ ಮೂರನೆಯದಕ್ಕೆ ಕೈಯ ಆಕಾರ ಬದಲಾಗುವುದಿಲ್ಲ, ಹಾಗೇ ಜರುಗಿದರೆ ಸಾಕು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ಆಕಾರವೂ ಬದಲಾಗಬೇಕು, ಜಾಗವೂ ಬದಲಾಗಬೇಕು, ಆದರೆ ಕೇಳುವವರಿಗೆ ಏನೂ ಆಗಲಿಲ್ಲ ಅನ್ನಿಸಬೇಕು.

ನಾನು ಏನು ಮಾಡುತ್ತಿದ್ದೆ? ಬೆರಳು ಎತ್ತಿ ಹಾರುತ್ತಿದ್ದೆ. ಸ್ವರ ಕತ್ತರಿಸಿ ಬೀಳುತ್ತಿತ್ತು. ಎತ್ತದೆ ಎಳೆದರೆ ನಾಲ್ಕನೇ ತಂತಿ ಕಿರ್ ಅನ್ನುತ್ತಿತ್ತು, ಅದರ ಮೇಲೆ ಲೋಹದ ಸುತ್ತು ಇರುತ್ತದಲ್ಲ. ಮೇಷ್ಟ್ರು ಒಂದು ತಿಂಗಳು ನೋಡಿದರು. ಕೊನೆಗೆ ಒಂದು ಸಂಜೆ ನಮ್ಮ ಹೋಟೆಲಲ್ಲೇ, ಕೈಯಲ್ಲಿ ಎರಡು ನೀರಿನ ಗ್ಲಾಸು ಹಿಡಿದು ಮೇಜಿಂದ ಮೇಜಿಗೆ ಹೋಗುತ್ತಿದ್ದ ಹುಡುಗನನ್ನು ತೋರಿಸಿದರು. "ಅವನು ಗ್ಲಾಸು ಕೆಳಗಿಡ್ತಾನಾ? ಹಿಂಡಿ ಹಿಡೀತಾನಾ? ಇಲ್ಲ. ಬಿಡದೆ ಸಡಿಲ ಹಿಡಿದು ನಡೀತಾನೆ. ನೀನೂ ಹತ್ತು ವರ್ಷ ಅದನ್ನೇ ಮಾಡಿದ್ದೀಯ" ಎಂದರು. ನನ್ನ ಸಪ್ಲೈಯರ್ ದಿನಗಳು ಮೊದಲ ಸಲ ಸಂಗೀತಕ್ಕೆ ಉಪಯೋಗಕ್ಕೆ ಬಂದವು. ಒತ್ತು ಬಿಟ್ಟು, ಬೆರಳು ತಂತಿಯ ಮೇಲೇ ಇಟ್ಟು, ಸರಿದು, ಮತ್ತೆ ಒತ್ತುವುದು. ಇಷ್ಟು ಬರೆಯಲು ಒಂದು ಸಾಲು. ಬರಲು ಏಳು ತಿಂಗಳು.

ಅಭ್ಯಾಸಕ್ಕೆ ನನ್ನ ಜಾಗ ಹೋಟೆಲಿನ ಸ್ಟೋರ್ ರೂಮ್ ಆಗಿತ್ತು. ಮಧ್ಯಾಹ್ನದ ಊಟದ ರಶ್ಶು ಇಳಿದು ಸಂಜೆಯ ಕಾಪಿ ಶುರುವಾಗುವ ಮೊದಲು, ಮೂರರಿಂದ ನಾಲ್ಕು. ಎಣ್ಣೆ ಡಬ್ಬದ ಮೇಲೆ ಕೂತು, ಕಾಲ ಕೆಳಗೆ ತೆಂಗಿನಕಾಯಿ ತುರಿಯುವ ಮಣೆ ಮಗುಚಿ ಹಾಕಿಕೊಂಡು ನುಡಿಸುತ್ತಿದ್ದೆ. ಸುತ್ತ ಅಕ್ಕಿ ಮೂಟೆ. ಅವು ಅರ್ಧ ಸದ್ದು ನುಂಗುತ್ತಿದ್ದವು. ನನಗೆ ತೊಂದರೆ ಇರಲಿಲ್ಲ, ಉಳಿದರ್ಧವೇ ಕೇಳುವ ಹಾಗಿರಲಿಲ್ಲ. ಈರುಳ್ಳಿ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹುಡುಗರು ಬಾಗಿಲಲ್ಲಿ ಇಣುಕಿ, "ಸಾಹೇಬರು ಎಷ್ಟು ಮುಳುಗಿ ಹೋಗಿದ್ದಾರೆ ನೋಡು" ಅಂದುಕೊಂಡರಂತೆ. ನಾನು ತಿದ್ದಲು ಹೋಗಲಿಲ್ಲ.

ಹಾಗೆ ನೋಡಿದರೆ ಈ ಕೃತಿಗೂ ಒಂದು ಕಣ್ಣೀರ ಕತೆ ಅಂಟಿಕೊಂಡಿದೆ. ತಾರೆಗಾ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಮಂಜು, ಮಳೆ ನೋಡಿ ಊರು ನೆನಪಾಗಿ ಇದನ್ನು ಕಟ್ಟಿದರು ಎನ್ನುತ್ತಾರೆ. 14 ವರ್ಷಕ್ಕೆ ಊರು ಬಿಟ್ಟು, ಜುಲೈ ತಿಂಗಳ ಮಳೆಯಲ್ಲಿ ಹೋಟೆಲಿನ ಅಟ್ಟದ ಮೇಲೆ ಮಲಗಿ ಅತ್ತವನಿಗೆ ಇಂಥ ಕತೆ ಎದೆಗೆ ಹತ್ತುತ್ತದೆ ಅಲ್ವಾ? ಮೇಷ್ಟ್ರಿಗೆ ಹೇಳಿದೆ. ಅವರು, "ಇರಬಹುದು, ಇಲ್ಲದೆಯೂ ಇರಬಹುದು. ನೀನು ಒಂದು-ಎರಡು-ಮೂರು ಎಣಿಸು" ಎಂದರು. ನಾನು ಭಾವ ತುಂಬಲು ಹೋದಾಗಲೆಲ್ಲ ಮೂರನೇ ಎಣಿಕೆ ಉದ್ದವಾಗುತ್ತಿತ್ತು.

ಎರಡನೇ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಭಾಗ ಇ ಮೇಜರ್, ಆಮೇಲಿನದು ಇ ಮೈನರ್, ಅಂದರೆ ಷಡ್ಜ ಒಂದೇ, ರಾಗ ಬದಲಾದ ಹಾಗೆ. ಶಾರ್ಪ್, ಅಂದರೆ ಅರ್ಧ ಮೆಟ್ಟಿಲು ಏರಿಸಿದ ಸ್ವರ, ನಾಲ್ಕು ಇದ್ದದ್ದು ಒಂದಕ್ಕೆ ಇಳಿಯುತ್ತದೆ, ಕೋಣೆಯ ದೀಪ ಯಾರೋ ಸಣ್ಣ ಮಾಡಿದ ಹಾಗೆ. ತೋರುಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿ ಒಟ್ಟಿಗೆ ಒತ್ತುವ 'ಬಾರೆ' ಎಂಬ ಹಿಂಸೆಯೂ ಇದೆ. ಅದರ ವಿಷಯ ನನ್ನ ಕೀಲು ಡಾಕ್ಟರ ಹತ್ತಿರ ಮಾತಾಡುತ್ತೇನೆ, ಪತ್ರಿಕೆಯಲ್ಲಿ ಬೇಡ.

ಉಗುರಿನ ಮಾತು ಮಾತ್ರ ಹೇಳಲೇಬೇಕು. ಬಲಗೈಯ ಉಗುರು ಒಂದೆರಡು ಮಿಲಿಮೀಟರ್ ಬಿಟ್ಟು, ಅರದಲ್ಲಿ ಉಜ್ಜಿ ನುಣುಪು ಮಾಡಿಟ್ಟುಕೊಳ್ಳಬೇಕು. ಎಡಗೈಯದು ಪೂರ್ತಿ ಕತ್ತರಿಸಬೇಕು. ಗಲ್ಲಾದಲ್ಲಿ ಕೂತವನ ಒಂದು ಕೈಯಲ್ಲಿ ಮಾತ್ರ ಉಗುರು ಕಂಡರೆ ಜನ ಏನು ಅಂದುಕೊಳ್ಳುತ್ತಾರೆ? ಒಬ್ಬ ಹಳೇ ಗಿರಾಕಿ, "ಏನು, ಹರಕೆಯಾ?" ಎಂದು ಕೇಳಿಯೇಬಿಟ್ಟರು. ಚಿಲ್ಲರೆ ಎಣಿಸಿ ಎಣಿಸಿ ಉಗುರಿನ ತುದಿ ಹರಿಯುತ್ತಿತ್ತು. ಈಗ ಎಲ್ಲರೂ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಾರೆ, ನಾಣ್ಯ ಮುಟ್ಟುವುದೇ ಅಪರೂಪ. ಯುಪಿಐನಿಂದ ದೇಶಕ್ಕೆ ಏನಾಯಿತೋ ತಿಳಿದವರು ಹೇಳಲಿ, ನನ್ನ ಉಂಗುರಬೆರಳಿನ ಉಗುರಂತೂ ಉಳಿಯಿತು. ತಾರೆಗಾ ಕೊನೆಯ ವರ್ಷಗಳಲ್ಲಿ ಉಗುರೇ ಬಿಟ್ಟು ಬೆರಳ ಮಾಂಸದಲ್ಲೇ ನುಡಿಸುತ್ತಿದ್ದರಂತೆ. ಉಗುರು ಮುರಿದ ದಿನ ನನಗೆ ಅದೊಂದು ಸಮಾಧಾನ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಹೋಟೆಲಿಗೆ ಏಸಿ ವಿಭಾಗ ಬಂತು. ಸ್ಟೋರ್ ರೂಮ್ ಹೋಯಿತು. ಮಾಲೀಕರನ್ನು ದೂರುವುದಿಲ್ಲ, ಫೋರ್ಟ್‌ನಲ್ಲಿ ಒಂದು ಚದರಡಿಯ ಬೆಲೆ ಎಲ್ಲರಿಗೂ ಗೊತ್ತು. ನಾನು ಗಿಟಾರನ್ನು ಡೊಂಬಿವಲಿಯ ಮನೆಗೆ ತಂದೆ. ನಮ್ಮದು ಒಂದು ರೂಮು, ಒಂದು ಕಿಚನ್. ಹೆಂಡತಿ, ಪರೀಕ್ಷೆಗೆ ಓದುವ ಇಬ್ಬರು ಹೆಣ್ಣುಮಕ್ಕಳು, ಟಿವಿ ನೋಡುವ ಅತ್ತೆ. ನಾನು ಮನೆ ಮುಟ್ಟುವುದು ರಾತ್ರಿ ಹನ್ನೊಂದಕ್ಕೆ. ವಾರದ ರಜೆಯ ದಿನ ಮಾತ್ರ ಗಿಟಾರ್ ಹೊರಗೆ ಬರುತ್ತದೆ.

ಅಭ್ಯಾಸ ಅಂದರೆ ಏನು ಎಂದು ಅಭ್ಯಾಸ ಮಾಡದವರಿಗೆ ಗೊತ್ತಿರುವುದಿಲ್ಲ. ಹಾಡು ನುಡಿಸುವುದಲ್ಲ. ಐದನೇ ಬಾರ್ ಕೆಟ್ಟರೆ ಐದನೇ ಬಾರನ್ನೇ ನಲವತ್ತು ಸಲ. ಅದರಲ್ಲೂ ಕೆಟ್ಟದ್ದು ಎರಡನೇ ಎಣಿಕೆ ಆದರೆ ಅದೊಂದನ್ನೇ ಅರ್ಧ ಗಂಟೆ. ಮೂರು ತಿಂಗಳು ಇದನ್ನು ಕೇಳಿದ ನಮ್ಮ ಅತ್ತೆ ಒಂದು ದಿನ ಬಹಳ ಕನಿಕರದಿಂದ, "ಅದು ಇನ್ನೂ ರಿಪೇರಿ ಆಗಲಿಲ್ವಾ?" ಎಂದು ಕೇಳಿದರು. ಅವರು ಇಷ್ಟು ದಿನವೂ ಹಾಗೇ ಅಂದುಕೊಂಡಿದ್ದರು.

ಟೆರೇಸಿಗೆ ಹೋದೆ. ಸೊಸೈಟಿಯವರು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರು, ಟೆರೇಸಿನಲ್ಲಿ ವಾದ್ಯ ನುಡಿಸಕೂಡದು ಎಂದು. ಅದೇ ಟೆರೇಸಿನಲ್ಲಿ ಹುಟ್ಟುಹಬ್ಬಕ್ಕೆ ಡಿಜೆ ಇರುತ್ತದೆ, ಇರಲಿ ಬಿಡಿ. ಉದ್ಯಾನಕ್ಕೆ ಹೋದೆ, ವಾಚ್‌ಮನ್ ಬಂದ. ಕೊರೊನಾ ಸಮಯದಲ್ಲಿ ಮೇಷ್ಟ್ರು ಗೋವಾಕ್ಕೆ ಹೋದವರು ಅಲ್ಲೇ ಉಳಿದರು. ರಜೆಯ ದಿನ ಫೋನಿನಲ್ಲಿ ಪಾಠ. ಫೋನಿನೊಳಗೆ ಮಾತು ಬಿಟ್ಟು ಉಳಿದ ಸದ್ದನ್ನು ಗಲಾಟೆ ಎಂದು ಅಳಿಸುವ ಏನೋ ವ್ಯವಸ್ಥೆ ಇದೆಯಂತೆ. ನನ್ನ ಗಿಟಾರನ್ನು ಅದು ಗಲಾಟೆ ಎಂದು ತೀರ್ಮಾನಿಸಿ ನುಂಗಿಬಿಡುತ್ತದೆ. ನಮ್ಮ ಸೊಸೈಟಿಯ ಸೆಕ್ರೆಟರಿಗೂ ಆ ಫೋನಿಗೂ ಏನೋ ನಂಟಿರಬೇಕು.

ಆಗ ನೆನಪಾದದ್ದು ಸಂಘ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ, ಮಾಹೀಮಿನ ಕರ್ನಾಟಕ ಸಂಘದಲ್ಲಿ ನಾನು ಎಷ್ಟೋ ನಾಟಕ, ಯಕ್ಷಗಾನ, ಕಛೇರಿ ನೋಡಿದ್ದೇನೆ. ನಾನು ಹೋಗಿ ಕೇಳಿದ್ದು ಅವೆರಡೂ ಅಲ್ಲ, ಬೇರೊಂದು ಸಂಘ. ಹೆಸರು ಬೇಡ. ಕಾರ್ಯದರ್ಶಿಗಳು ಕೂರಿಸಿ ಚಹಾ ಕೊಟ್ಟರು, ಒಳ್ಳೆಯ ಜನ. ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕೋಣೆ. ಹಳೇ ಬ್ಯಾನರು, ಮುರಿದ ಮೈಕ್ ಸ್ಟ್ಯಾಂಡು, ಯಾರದೋ ಸನ್ಮಾನದಲ್ಲಿ ಉಳಿದ ಪೇಟದ ಡಬ್ಬ. ವಾರಕ್ಕೆ ಎರಡು ದಿನ, ಮಧ್ಯಾಹ್ನ ಒಂದು ಗಂಟೆ ಕೊಡಿ, ಬಾಡಿಗೆ ಕೊಡುತ್ತೇನೆ ಎಂದೆ. "ಯಾವ ವಾದ್ಯ?" ಎಂದರು. ಹೇಳಿದೆ. "ವೀಣೆ ಆಗಿದ್ರೆ ಕಮಿಟಿಯಲ್ಲಿ ಇಡಬಹುದಿತ್ತು. ಗಿಟಾರ್ ನಮ್ಮ ಸಂಸ್ಕೃತಿ ಅಲ್ವಲ್ಲ" ಎಂದರು. ಸ್ವಲ್ಪ ಯೋಚಿಸಿ ಇನ್ನೊಂದು ಮಾತು ಸೇರಿಸಿದರು. "ಹೋಗಲಿ, ವಾರ್ಷಿಕೋತ್ಸವದಲ್ಲಿ ಒಂದು ಐಟಂ ನುಡಿಸ್ತೀರಾ?"

ಮೊದಲ ಮಾತಿಗೆ ನನ್ನ ಉತ್ತರ ಚಿಕ್ಕದು. ಆ ಸಂಘದ ಕೆಳಗಿನ ಸಭಾಂಗಣದಲ್ಲಿ ಭಜನೆಗೆ ಇಟ್ಟಿರುವ ಹಾರ್ಮೋನಿಯಂ 1840ರ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಪಿಟೀಲು ಎಲ್ಲಿಯದು ಎಂದು ಎಲ್ಲರಿಗೂ ಗೊತ್ತು. ನಮ್ಮ ಕರಾವಳಿಯ ಮದುವೆಗಳಲ್ಲಿ ಈಗ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ, ಕದ್ರಿ ಗೋಪಾಲನಾಥರು ಅದನ್ನು ಆ ಮಟ್ಟಕ್ಕೆ ತಂದು ಕೂರಿಸಿದರು. ಮೈಸೂರಿನ ಜಯಚಾಮರಾಜ ಒಡೆಯರು 1940ರ ದಶಕದಲ್ಲಿ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರರ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣ ಆಗಲಿ ಎಂದು ತಾವೇ ದುಡ್ಡು ಕೊಟ್ಟವರು. ನಮ್ಮ ರಾಜರ ಈ ಕತೆಯನ್ನು ನನಗೆ ಹೇಳಿದ್ದು ಗೋವಾದ ಮೇಷ್ಟ್ರು. ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಎರಡನೇ ಮಾತೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು. ನಮ್ಮ ಸಂಘಗಳಲ್ಲಿ ವೇದಿಕೆ ಇದೆ, ಮೈಕ್ ಇದೆ, ಶಾಲು ಇದೆ, ಹಾರ ಇದೆ, ನೆನಪಿನ ಕಾಣಿಕೆ ಇದೆ. ಎಲ್ಲ ಕಲಿತು ಮುಗಿಸಿದವರಿಗೆ. ತಪ್ಪು ನುಡಿಸುತ್ತಾ ಕೂರಲು ಜಾಗ ಎಲ್ಲಿದೆ? ನಾನು ವೇದಿಕೆ ಕೇಳಲಿಲ್ಲ. ನನ್ನ ಲಾಗ್ರಿಮಾ ವಾರ್ಷಿಕೋತ್ಸವದಲ್ಲಿ ಕೇಳಿದರೆ ನಿಮಗೆ ನಿಜವಾಗಿ ಕಣ್ಣೀರು ಬರುತ್ತದೆ. ನಾನು ಕೇಳಿದ್ದು ಐದನೇ ಬಾರನ್ನು ನಲವತ್ತು ಸಲ ಕೆಡಿಸಲು ನಾಲ್ಕು ಗೋಡೆ.

ಇದೇನೂ ಹೊಸ ಬೇಡಿಕೆ ಅಲ್ಲ. ನಾನು ಇವತ್ತು ಈ ಪತ್ರ ಬರೆಯುತ್ತಿರುವುದು ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ್ದರಿಂದ. ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಒದ್ದೆ ಕೈಯಲ್ಲೇ ಪೆನ್ಸಿಲ್ ಹಿಡಿದು ಹೋಗುತ್ತಿದ್ದೆವು. ಹಗಲು ಬೇರೆ ಶಾಲೆಯ ಮಕ್ಕಳು ಕೂರುವ ಕೋಣೆ, ಬೇರೆಯವರ ಬೆಂಚು. ನಮಗೆ ಮಂಡಿ ಬಡಿಯುತ್ತಿತ್ತು. ಅರ್ಧ ಜನ ತೂಕಡಿಸುತ್ತಿದ್ದರು. ಭಾಗಾಕಾರ ತಪ್ಪಿದರೆ ಮೇಷ್ಟ್ರು ಮತ್ತೆ ಹಾಕಿಸುತ್ತಿದ್ದರು, ಮತ್ತೆ ತಪ್ಪಿದರೆ ಮತ್ತೆ. ಒಂದು ಐಟಂ ಮಾಡಿ ತೋರಿಸ್ತೀಯಾ ಎಂದು ಯಾರೂ ಕೇಳಲಿಲ್ಲ. ಬೆಂಚು ಕೊಟ್ಟರು, ಬಲ್ಬು ಕೊಟ್ಟರು, ತಪ್ಪಲು ಬಿಟ್ಟರು. ಹಾಗೆ ಕಲಿತ ಹುಡುಗರೇ ಮುಂದೆ ದೊಡ್ಡವರಾಗಿ ಇವತ್ತು ಎಷ್ಟೋ ಸಂಘಗಳ ಕಮಿಟಿಯಲ್ಲಿ ಕೂತಿದ್ದಾರೆ. ಅವರಿಗೆ ನಾನು ಇದನ್ನು ನೆನಪು ಮಾಡಿಕೊಡಬೇಕಾಗಿಲ್ಲ, ಆದರೂ ಮಾಡುತ್ತಿದ್ದೇನೆ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಎಲ್ಲ ಸಂಘಗಳಿಗೆ ಒಂದು ವಿನಂತಿ. ಖಾಲಿ ಇರುವ ಒಂದು ಕೋಣೆಯನ್ನು ವಾರದ ದಿನ ಮಧ್ಯಾಹ್ನ ಎರಡರಿಂದ ಐದರವರೆಗೆ ಅಭ್ಯಾಸಕ್ಕೆ ಬಿಡಿ. ಗಂಟೆಗೆ 50 ರೂಪಾಯಿ ತೆಗೆದುಕೊಳ್ಳಿ, ಒಂದು ರಿಜಿಸ್ಟರ್ ಇಡಿ, ಕೀಲಿ ವಾಚ್‌ಮನ್ ಹತ್ತಿರ ಇರಲಿ. ಮೃದಂಗದವರು ಬರಲಿ, ಕೊಳಲಿನವರು ಬರಲಿ, ಕೀಬೋರ್ಡಿನ ಮಕ್ಕಳು ಬರಲಿ. ಚೆಂಡೆಯವರಿಗೆ ಮಾತ್ರ ಬೇರೆ ದಿನ ಕೊಡಿ, ನನ್ನ ವಾದ್ಯ ಬಹಳ ಮೆತ್ತಗಿನದು. ಕಳೆದ ವಾರದ ಪತ್ರದವರು ಹುಡುಕುತ್ತಿರುವ ಯುವಕರು ಸಿಗುವುದಾದರೆ ಇಲ್ಲೇ ಸಿಗುತ್ತಾರೆ. ಮೆಟ್ಟಿಲ ಮೇಲೆ ತಮ್ಮ ಸರದಿಗೆ ಕಾಯುತ್ತಾ ಕೂತಿರುತ್ತಾರೆ. ಅವರಿಗೆ ಕನ್ನಡ ಬಾರದಿದ್ದರೆ ಕಾಯುವ ಹೊತ್ತಿನಲ್ಲಿ ನಾನೇ ನಾಲ್ಕು ಮಾತು ಕಲಿಸುತ್ತೇನೆ.

ಫೋರ್ಟ್‌ನಿಂದ ದಾದರ್, ಮಾಟುಂಗಾ, ಸಯನ್ ತನಕ ಎಲ್ಲಿ ಕೊಟ್ಟರೂ ಬರುತ್ತೇನೆ. ನಾಲ್ಕೂವರೆಗೆ ಗಲ್ಲಾಕ್ಕೆ ವಾಪಸ್ ಮುಟ್ಟಬೇಕು, ಅಷ್ಟೇ. ಮಂಗಳವಾರ, ಶುಕ್ರವಾರ ಆದರೆ ಅನುಕೂಲ. ಫ್ಯಾನ್ ಬೇಡ, ತಿರುಗುವ ಸದ್ದಿಗೆ ಆರನೇ ತಂತಿ ಸರಿಯಾಗಿ ಕೇಳುವುದಿಲ್ಲ. ಕೈ ಇಲ್ಲದ ಒಂದು ಕುರ್ಚಿ ಇದ್ದರೆ ಸಾಕು. ಕಾಲಿನ ಚೌಕಿ ನಾನೇ ತರುತ್ತೇನೆ.

ಇಂತಿ ನಿಮ್ಮ ಓದುಗ,
ಗಲ್ಲಾದಲ್ಲಿ ಕೂರುವವನು, ಡೊಂಬಿವಲಿ ಪೂರ್ವ